ಎದೆ ಹಿಗ್ಗುವುದರಿಂದ ಗಾಳಿ ಬರುತ್ತದೆಯೋ, ಗಾಳಿ ಬಂದದ್ದರಿಂದ ಎದೆ ಹಿಗ್ಗುತ್ತದೆಯೋ?

ಬಸವನಗುಡಿಯ ತಂದೆ
ಏಳನೆಯ ತರಗತಿಯಲ್ಲಿರುವ ನನ್ನ ಮಗಳು ವಿಜ್ಞಾನ ಪ್ರದರ್ಶನಕ್ಕಾಗಿ ಶ್ವಾಸಕೋಶದ ಮಾದರಿಯೊಂದನ್ನು ಮಾಡುತ್ತಿದ್ದಾಳೆ. ತಳ ಕತ್ತರಿಸಿದ ಪ್ಲಾಸ್ಟಿಕ್ ಬಾಟಲಿ, ಅದರ ಬಾಯಿಯಿಂದ ಒಳಗೆ ಇಳಿಬಿಟ್ಟ ಕವಲು ಕೊಳವೆ, ಕವಲುಗಳ ತುದಿಗೆ ಕಟ್ಟಿದ ಎರಡು ಬಲೂನು, ತಳಕ್ಕೆ ಬಿಗಿದ ರಬ್ಬರ್ ಹಾಳೆ, ಇಷ್ಟೇ ಸಾಮಾನು. ಹಾಳೆಯನ್ನು ಕೆಳಕ್ಕೆ ಎಳೆದರೆ ಬಲೂನುಗಳು ಉಬ್ಬುತ್ತವೆ, ಬಿಟ್ಟರೆ ಕುಗ್ಗುತ್ತವೆ. ಮಾದರಿಯಲ್ಲಿ ತೊಂದರೆ ಇಲ್ಲ. ತೊಂದರೆ ಇರುವುದು ಅದರ ಪಕ್ಕದಲ್ಲಿ ಇಡಬೇಕಾದ ಫಲಕದಲ್ಲಿ. ಟ್ಯೂಷನ್ನಿನಲ್ಲಿ ಬರೆಸಿಕೊಟ್ಟ ವಾಕ್ಯ ಹೀಗಿದೆ: ‘ಮೂಗಿನ ಮೂಲಕ ಗಾಳಿ ಒಳಗೆ ನುಗ್ಗಿದಾಗ ಶ್ವಾಸಕೋಶ ತುಂಬಿಕೊಂಡು ಎದೆ ಹಿಗ್ಗುತ್ತದೆ.’ ಆದರೆ ಮಾದರಿಯಲ್ಲಿ ಯಾರೂ ಬಲೂನಿಗೆ ಗಾಳಿ ಊದುತ್ತಿಲ್ಲವಲ್ಲ! ಹಾಳೆ ಇಳಿದ ಮೇಲೆ ಗಾಳಿ ತಾನಾಗಿ ಒಳಗೆ ಬರುತ್ತಿದೆ. ಹಾಗಾದರೆ ನಮ್ಮ ದೇಹದಲ್ಲಿ ಮೊದಲು ಆಗುವುದು ಯಾವುದು? ಶ್ವಾಸಕೋಶಕ್ಕೆ ಸ್ವಂತ ಬಲವಿಲ್ಲ ಎಂದಾದರೆ ಅದನ್ನು ಹಿಗ್ಗಿಸುವವರು ಯಾರು, ಉಸಿರು ಬಿಡುವಾಗ ಗಾಳಿಯನ್ನು ಹೊರಗೆ ತಳ್ಳುವವರು ಯಾರು? ಬಲ್ಲವರು ವಿವರವಾಗಿ ತಿಳಿಸಿದರೆ ಉಪಕಾರವಾಗುತ್ತದೆ.

ಹನುಮಂತನಗರ ಓದುಗ
ಎದೆ ಮೊದಲು, ಗಾಳಿ ಆಮೇಲೆ. ಫಲಕದ ವಾಕ್ಯವನ್ನು ತಿರುಗಿಸಿ ಬರೆಸಿ.

ಶರೀರಕ್ರಿಯೆ ಬೋಧಕಿ
ಮೇಲಿನ ಉತ್ತರ ಸರಿಯಾಗಿದೆ, ಆದರೆ ಕಾರಣ ಹೇಳದಿದ್ದರೆ ಮಗುವಿಗೆ ಅದರಿಂದ ಪ್ರಯೋಜನವಿಲ್ಲ. ನಾನು ವೈದ್ಯಕೀಯ ಮೊದಲ ವರ್ಷದವರಿಗೆ ಈ ಪಾಠವನ್ನೇ ಮಾಡುತ್ತೇನೆ. ಅವರಲ್ಲಿಯೂ ಬಹಳಷ್ಟು ಮಂದಿ ಈ ಫಲಕದ ವಾಕ್ಯವನ್ನೇ ತಲೆಯಲ್ಲಿಟ್ಟುಕೊಂಡು ಬಂದಿರುತ್ತಾರೆ.

ಶ್ವಾಸಕೋಶಕ್ಕೆ ತನ್ನನ್ನು ತಾನು ಹಿಗ್ಗಿಸಿಕೊಳ್ಳುವ ಸ್ನಾಯು ಇಲ್ಲ. ಉಸಿರೆಳೆಯುವ ಕೆಲಸ ಮಾಡುವುದು ಅದನ್ನು ಸುತ್ತುವರಿದ ಎದೆಗೂಡು. ಎದೆಗೂ ಹೊಟ್ಟೆಗೂ ನಡುವೆ ಗುಮ್ಮಟದ ಆಕಾರದಲ್ಲಿ ವಪೆ ಎಂಬ ಸ್ನಾಯು ಇದೆ. ಅದು ಸಂಕುಚಿಸಿದಾಗ ಚಪ್ಪಟೆಯಾಗುತ್ತಾ ಕೆಳಗಿಳಿಯುತ್ತದೆ. ಆರಾಮವಾದ ಉಸಿರಿನಲ್ಲಿ ಈ ಇಳಿತ ಒಂದೆರಡು ಸೆಂಟಿಮೀಟರ್, ಆಳವಾದ ಉಸಿರಿನಲ್ಲಿ ಹತ್ತು ಸೆಂಟಿಮೀಟರಿನವರೆಗೂ ಇರಬಹುದು. ಅದೇ ಹೊತ್ತಿಗೆ ಪಕ್ಕೆಲುಬುಗಳ ನಡುವಿನ ಹೊರಪದರದ ಸ್ನಾಯುಗಳು ಎಲುಬುಗಳನ್ನು ಎತ್ತುತ್ತವೆ. ಮಲಗಿದ್ದ ಬಕೆಟ್ ಹಿಡಿಕೆಯನ್ನು ಮೇಲೆತ್ತಿದಾಗ ಅದು ಹೇಗೆ ಹೊರಕ್ಕೂ ಚಾಚಿಕೊಳ್ಳುತ್ತದೆಯೋ ಹಾಗೆ ಎದೆಗೂಡು ಅಗಲವಾಗುತ್ತದೆ. ಒಳಗಿನ ಜಾಗ ಹೆಚ್ಚಾಯಿತು, ಆದರೆ ಗಾಳಿ ಇನ್ನೂ ಅಷ್ಟೇ ಇದೆ. ಆದ್ದರಿಂದ ಒಳಗಿನ ಒತ್ತಡ ಹೊರಗಿನದಕ್ಕಿಂತ ಕಡಿಮೆಯಾಗುತ್ತದೆ. ರಾಬರ್ಟ್ ಬಾಯ್ಲ್ 1662ರಲ್ಲಿ ಪ್ರಕಟಿಸಿದ, ಗಾತ್ರ ಹೆಚ್ಚಿದರೆ ಒತ್ತಡ ಇಳಿಯುತ್ತದೆ ಎಂಬ ನಿಯಮವೇ ಇಲ್ಲಿಯೂ ನಡೆಯುತ್ತಿರುವುದು. ಹೊರಗಿನ ಗಾಳಿ ಮೂಗಿನಿಂದ ಒಳಗೆ ಹರಿದು ಎರಡೂ ಕಡೆಯ ಒತ್ತಡ ಸಮವಾದ ಕೂಡಲೇ ನಿಲ್ಲುತ್ತದೆ.

ಬಿಡುವ ಉಸಿರಿನಲ್ಲಿ ಯಾರೂ ತಳ್ಳಬೇಕಾಗಿಲ್ಲ. ಶ್ವಾಸಕೋಶದ ಅಂಗಾಂಶಕ್ಕೆ ಹಿಗ್ಗಿದ ಮೇಲೆ ತನ್ನ ಮೊದಲಿನ ಗಾತ್ರಕ್ಕೆ ಮರಳುವ ಗುಣವಿದೆ. ವಪೆ ಸಡಿಲವಾದ ಕ್ಷಣದಲ್ಲಿ ಅದು ತಾನಾಗಿ ಕುಗ್ಗುತ್ತದೆ, ಒಳಗಿನ ಒತ್ತಡ ಹೊರಗಿನದಕ್ಕಿಂತ ತುಸು ಹೆಚ್ಚಾಗುತ್ತದೆ, ಗಾಳಿ ಹೊರಗೆ ಹೋಗುತ್ತದೆ. ಕೆಮ್ಮುವಾಗ, ಓಡುವಾಗ, ದೀಪ ಆರಿಸುವಾಗ ಮಾತ್ರ ಹೊಟ್ಟೆಯ ಸ್ನಾಯುಗಳೂ ಪಕ್ಕೆಲುಬಿನ ಒಳಪದರದ ಸ್ನಾಯುಗಳೂ ಬಲ ಹಾಕುತ್ತವೆ.

ಪ್ರಶ್ನೆ ಬಿಡದವ
ಬೋಧಕಿಯವರ ವಿವರಣೆ ಓದಿದೆ. ಒತ್ತಡ ಕಡಿಮೆಯಾಗುತ್ತದೆ ಎಂದಿರಿ. ಎಷ್ಟು ಕಡಿಮೆಯಾಗುತ್ತದೆ ಎಂದು ಹೇಳಲಿಲ್ಲ. ಅರ್ಧ ಲೀಟರ್ ಗಾಳಿ ಎರಡು ಸೆಕೆಂಡಿನೊಳಗೆ ಒಳಗೆ ಬರಬೇಕಾದರೆ ದೊಡ್ಡ ವ್ಯತ್ಯಾಸವೇ ಇರಬೇಕು. ಅಷ್ಟು ದೊಡ್ಡ ಸೆಳೆತವಿದ್ದರೆ ನಮಗೆ ಅದು ಅರಿವಿಗೆ ಬರಬೇಕಿತ್ತು.

ಶರೀರಕ್ರಿಯೆ ಬೋಧಕಿ
ಆರಾಮವಾಗಿ ಕುಳಿತಿರುವಾಗ ಗಾಳಿಗೂಡುಗಳ, ಎಂದರೆ ಶ್ವಾಸಕೋಶದ ನಾಳಗಳ ತುದಿಯಲ್ಲಿರುವ ಪುಟ್ಟ ಚೀಲಗಳ, ಒಳಗಿನ ಒತ್ತಡ ಹೊರಗಿನದಕ್ಕಿಂತ ಪಾದರಸದ ಸುಮಾರು 1 ಮಿಲಿಮೀಟರಿನಷ್ಟು ಮಾತ್ರ ಕಡಿಮೆಯಾಗುತ್ತದೆ. ಒಂದು ಉಸಿರಿಗೆ ಬರುವ ಸುಮಾರು 500 ಮಿಲಿಲೀಟರಿಗೆ ಅಷ್ಟೇ ಸಾಕು.

ಪ್ರಶ್ನೆ ಬಿಡದವ
760ರಲ್ಲಿ ಒಂದು! ಇದನ್ನು ನಂಬುವುದು ಕಷ್ಟ.

ಮಲ್ಲೇಶ್ವರದ ಭೌತಶಾಸ್ತ್ರ ಶಿಕ್ಷಕ
ನಂಬಲು ಕಷ್ಟವೆನಿಸುವುದು ನಾವು ಗಾಳಿಯನ್ನು ನೀರಿನಷ್ಟೇ ಭಾರವಾದದ್ದೆಂದು ಎಣಿಸುವುದರಿಂದ. ಗಾಳಿಯ ಸ್ನಿಗ್ಧತೆ, ಎಂದರೆ ಹರಿಯುವಾಗ ಅದರೊಳಗೇ ಉಂಟಾಗುವ ತಡೆ, ತೀರ ಕಡಿಮೆ, ದಾರಿಯೂ ವಿಶಾಲವಾಗಿದೆ. ಶ್ವಾಸನಾಳ ಒಂದೇ ಕೊಳವೆಯಾಗಿ ಹೊರಟು ಇಪ್ಪತ್ತಕ್ಕೂ ಹೆಚ್ಚು ಬಾರಿ ಕವಲೊಡೆಯುತ್ತದೆ. ಪ್ರತಿಯೊಂದು ಕವಲೂ ತೆಳ್ಳಗಾಗುತ್ತಾ ಹೋದರೂ ಕವಲುಗಳ ಸಂಖ್ಯೆ ಎಷ್ಟು ಬೆಳೆಯುತ್ತದೆಯೆಂದರೆ, ಅವೆಲ್ಲವನ್ನೂ ಒಟ್ಟು ಮಾಡಿದರೆ ದಾರಿಯ ಅಗಲ ಒಳಗೆ ಹೋದಂತೆ ಹೆಚ್ಚುತ್ತಲೇ ಹೋಗುತ್ತದೆ. ಕೊನೆಯ ಗಾಳಿಗೂಡುಗಳ ಬಳಿ ಗಾಳಿಯ ಹರಿವು ನಿಂತೇಹೋದಷ್ಟು ನಿಧಾನವಾಗಿ, ಆಮ್ಲಜನಕದ ಅಣುಗಳು ವಿಸರಣೆಯಿಂದಲೇ, ಎಂದರೆ ಹೆಚ್ಚಿರುವ ಕಡೆಯಿಂದ ಕಡಿಮೆಯಿರುವ ಕಡೆಗೆ ತಾವಾಗಿ ಹರಡುವುದರಿಂದಲೇ, ಉಳಿದ ದೂರವನ್ನು ಕ್ರಮಿಸುತ್ತವೆ.

ಇನ್ನೊಂದು ತಿದ್ದುಪಡಿ: 760 ಎಂಬುದು ಸಮುದ್ರಮಟ್ಟದ ಲೆಕ್ಕ. ನಮ್ಮ ಬೆಂಗಳೂರು 900 ಮೀಟರಿಗಿಂತ ಎತ್ತರದಲ್ಲಿದೆ, ಇಲ್ಲಿಯ ವಾಯುಒತ್ತಡ ಪಾದರಸದ ಸುಮಾರು 685 ಮಿಲಿಮೀಟರಿನ ಆಸುಪಾಸಿನಲ್ಲಿರುತ್ತದೆ.

ಯಲಹಂಕ ಸೈಕಲ್ ಸವಾರ
ಹಾಗಾದರೆ ಮಂಗಳೂರಿನವರಿಗಿಂತ ನಾವು ಹೆಚ್ಚು ಕಷ್ಟಪಟ್ಟು ಉಸಿರಾಡುತ್ತಿದ್ದೇವೆಯೇ? ನಂದಿ ಬೆಟ್ಟವನ್ನು ಸೈಕಲ್ಲಿನಲ್ಲಿ ಹತ್ತುವಾಗ ಏದುಸಿರು ಬರುವುದಕ್ಕೆ ಗಾಳಿ ತೆಳುವಾಗಿರುವುದೇ ಕಾರಣ ಎಂದು ನಮ್ಮ ಗುಂಪಿನಲ್ಲಿ ಎಲ್ಲರೂ ಹೇಳುತ್ತಾರೆ.

ಮಲ್ಲೇಶ್ವರದ ಭೌತಶಾಸ್ತ್ರ ಶಿಕ್ಷಕ
ನಂದಿಯ ತುದಿ 1478 ಮೀಟರ್. ಅಲ್ಲಿ ಏದುಸಿರು ಬರುವುದು ಏರಿನಿಂದ, ಗಾಳಿಯಿಂದಲ್ಲ. ಗಾಳಿಯ ಹರಿವನ್ನು ನಿರ್ಧರಿಸುವುದು ಒಳಗಿನ ಮತ್ತು ಹೊರಗಿನ ಒತ್ತಡಗಳ ವ್ಯತ್ಯಾಸವೇ ಹೊರತು ಹೊರಗಿನ ಒತ್ತಡದ ಮೊತ್ತವಲ್ಲ. ಅದರಿಂದ ಮಂಗಳೂರಿನಲ್ಲಿಯೂ ಬೆಂಗಳೂರಿನಲ್ಲಿಯೂ ಒಂದು ಉಸಿರನ್ನು ಎಳೆಯಲು ಬೇಕಾದ ಶ್ರಮ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸವಿರುವುದು ಬಂದ ಉಸಿರಿನಲ್ಲಿ ಎಷ್ಟು ಆಮ್ಲಜನಕವಿದೆ ಎಂಬುದರಲ್ಲಿ. ಶೇಕಡಾ 21 ಎಂಬ ಪಾಲು ಎರಡು ಕಡೆಯೂ ಒಂದೇ ಆದರೂ ಒಟ್ಟು ಒತ್ತಡವೇ ನಮ್ಮಲ್ಲಿ ಹತ್ತರಲ್ಲಿ ಒಂದು ಪಾಲಿನಷ್ಟು ಕಡಿಮೆ. ಆರೋಗ್ಯವಂತರ ರಕ್ತ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಲೇಹ್‌ನಂತಹ 3500 ಮೀಟರ್ ಎತ್ತರದ ಊರಿಗೆ ಹೋದರೆ ಮಾತ್ರ ಕುಳಿತಲ್ಲೇ ಉಸಿರಿನ ವೇಗ ಹೆಚ್ಚುವುದು ಗಮನಕ್ಕೆ ಬರುತ್ತದೆ.

ಬಸವನಗುಡಿಯ ತಂದೆ
ಎಲ್ಲರಿಗೂ ವಂದನೆಗಳು. ಮಗಳು ಇದನ್ನೆಲ್ಲ ಓದಿ ಇನ್ನೊಂದು ಪ್ರಶ್ನೆ ಎತ್ತಿದ್ದಾಳೆ. ಎದೆಗೂಡು ಹಿಗ್ಗಿತು, ಸರಿ. ಆದರೆ ಶ್ವಾಸಕೋಶವನ್ನು ಎದೆಗೂಡಿಗೆ ಹೊಲಿದು ಇಟ್ಟಿಲ್ಲವಲ್ಲ, ಎದೆಗೂಡು ಹೊರಗೆ ಹೋದಾಗ ಶ್ವಾಸಕೋಶ ಅದರ ಹಿಂದೆಯೇ ಏಕೆ ಹೋಗಬೇಕು?

ಶರೀರಕ್ರಿಯೆ ಬೋಧಕಿ
ಆ ಪ್ರಶ್ನೆಗಾಗಿ ನಿಮ್ಮ ಮಗಳನ್ನು ಮನಸಾರೆ ಅಭಿನಂದಿಸುತ್ತೇನೆ, ಏಕೆಂದರೆ ಇಡೀ ವಿಷಯದ ಕೀಲು ಅಲ್ಲಿಯೇ ಇದೆ.

ಶ್ವಾಸಕೋಶದ ಮೇಲೊಂದು, ಎದೆಗೂಡಿನ ಒಳಗೋಡೆಯ ಮೇಲೊಂದು, ಹೀಗೆ ಎರಡು ತೆಳುವಾದ ಪೊರೆಗಳಿವೆ. ಇವನ್ನು ಪ್ಲೂರಾ ಎನ್ನುತ್ತಾರೆ. ಎರಡರ ನಡುವೆ ಇರುವುದು ಕೆಲವೇ ಮಿಲಿಲೀಟರಿನಷ್ಟು ದ್ರವ. ಗಾಳಿ ಒಂದಿಷ್ಟೂ ಇಲ್ಲ. ಶ್ವಾಸಕೋಶ ಸದಾ ಒಳಕ್ಕೆ ಕುಗ್ಗಲು ಎಳೆಯುತ್ತಿರುತ್ತದೆ, ಎದೆಗೂಡು ಹೊರಕ್ಕೆ ಚಿಮ್ಮಲು ಎಳೆಯುತ್ತಿರುತ್ತದೆ. ಈ ಎದುರುಬದುರು ಎಳೆತದಿಂದ ನಡುವಿನ ಜಾಗದ ಒತ್ತಡ ಸಹಜ ಉಸಿರಾಟದಲ್ಲಿ ವಾಯುಒತ್ತಡಕ್ಕಿಂತ ಯಾವಾಗಲೂ ಕಡಿಮೆ. ಉಸಿರೆಳೆಯುವ ಮೊದಲು ಅದು ನೀರಿನ ಸುಮಾರು 5 ಸೆಂಟಿಮೀಟರಿನಷ್ಟು ಕಡಿಮೆಯಿರುತ್ತದೆ, ಉಸಿರೆಳೆದು ಮುಗಿದಾಗ ಏಳೂವರೆ, ಎಂಟು ಸೆಂಟಿಮೀಟರಿನಷ್ಟು ಕಡಿಮೆಯಾಗುತ್ತದೆ. ಬೇರೆಯಾಗಬೇಕಾದರೆ ನಡುವೆ ಏನಾದರೂ ತುಂಬಿಕೊಳ್ಳಬೇಕು. ತುಂಬಿಕೊಳ್ಳಲು ಏನೂ ಇಲ್ಲದ ಕಾರಣ ಶ್ವಾಸಕೋಶ ಎದೆಗೋಡೆಯನ್ನು ಬಿಟ್ಟು ಬರಲಾರದು. ಪೊರೆಗಳು ಒಂದರ ಮೇಲೊಂದು ಜಾರುತ್ತವೆ, ಆದರೆ ಅಗಲುವುದಿಲ್ಲ.

ಬಾಟಲಿಯ ಮಾದರಿಯ ದೊಡ್ಡ ಕೊರತೆಯೂ ಇದೇ. ಬಲೂನಿಗೂ ಬಾಟಲಿಯ ಗೋಡೆಗೂ ನಡುವೆ ಅಲ್ಲಿ ಬೇಕಾದಷ್ಟು ಗಾಳಿ ಇದೆ, ಗೋಡೆಯೂ ಅಲುಗಾಡುವುದಿಲ್ಲ. ಫಲಕದಲ್ಲಿ ಈ ಎರಡು ಕೊರತೆಗಳನ್ನು ಬರೆದರೆ ಮಾದರಿಯ ಮೌಲ್ಯ ಹೆಚ್ಚುತ್ತದೆ.

ಕೆಂಗೇರಿ ವಾಸಿ
ನಡುವೆ ಗಾಳಿ ತುಂಬಿಕೊಂಡರೆ ಏನಾಗುತ್ತದೆ ಎಂಬುದನ್ನು ನಮ್ಮ ಮನೆಯಲ್ಲಿಯೇ ಕಂಡಿದ್ದೇವೆ. ನನ್ನ ಚಿಕ್ಕಪ್ಪನ ಮಗ ವರ್ತುಲ ರಸ್ತೆಯಲ್ಲಿ ಬೈಕಿನಿಂದ ಬಿದ್ದಾಗ ಪಕ್ಕೆಲುಬು ಮುರಿದು ಅದರ ಚೂಪು ತುದಿ ಶ್ವಾಸಕೋಶಕ್ಕೆ ತಾಗಿತ್ತು. ಎದೆ ಅಲುಗಾಡುತ್ತಿತ್ತು, ಅವನು ಬಲವಾಗಿ ಉಸಿರೆಳೆಯುತ್ತಿದ್ದ, ಆದರೂ ಆ ಬದಿಯ ಶ್ವಾಸಕೋಶ ಎಕ್ಸ್‌ರೇಯಲ್ಲಿ ಮುದುಡಿ ಕುಳಿತಿತ್ತು. ವೈದ್ಯರು ಪಕ್ಕೆಯಲ್ಲಿ ಕೊಳವೆ ಇಳಿಸಿ ಅದರ ಇನ್ನೊಂದು ತುದಿಯನ್ನು ಬಾಟಲಿಯ ನೀರಿನಲ್ಲಿ ಮುಳುಗಿಸಿದ್ದರು. ಅವನು ಕೆಮ್ಮಿದಾಗಲೆಲ್ಲ ನೀರಿನಲ್ಲಿ ಗುಳ್ಳೆಗಳು ಏಳುತ್ತಿದ್ದವು. ಆ ನೀರಿನ ಉದ್ದೇಶ ಏನೆಂದು ನಮಗೆ ಯಾರೂ ಬಿಡಿಸಿ ಹೇಳಲಿಲ್ಲ.

ಶರೀರಕ್ರಿಯೆ ಬೋಧಕಿ
ಆ ನೀರು ಒಂದೇ ದಿಕ್ಕಿಗೆ ತೆರೆಯುವ ಕವಾಟದ ಕೆಲಸ ಮಾಡುತ್ತದೆ. ಎದೆಯೊಳಗೆ ಸೇರಿಕೊಂಡ ಗಾಳಿ ಗುಳ್ಳೆಯಾಗಿ ಹೊರಗೆ ಹೋಗಬಹುದು. ಉಸಿರೆಳೆದಾಗ ಹೊರಗಿನ ಗಾಳಿ ಮರಳಿ ಒಳಗೆ ಹೋಗದಂತೆ ನೀರು ತಡೆಯುತ್ತದೆ. ಬಾಟಲಿಯನ್ನು ಎಂದಿಗೂ ರೋಗಿಯ ಎದೆಯ ಮಟ್ಟಕ್ಕಿಂತ ಮೇಲೆ ಎತ್ತಬಾರದು ಎನ್ನುವುದೂ ಇದಕ್ಕಾಗಿಯೇ, ಎತ್ತಿದರೆ ನೀರೇ ಎದೆಯೊಳಗೆ ಹರಿದೀತು. ಗುಳ್ಳೆ ನಿಂತು, ಎಕ್ಸ್‌ರೇಯಲ್ಲಿ ಶ್ವಾಸಕೋಶ ಗೋಡೆಗೆ ಮರಳಿ ತಾಗಿದೆ ಎಂದು ಕಂಡ ಮೇಲೆ ಕೊಳವೆಯನ್ನು ತೆಗೆಯುತ್ತಾರೆ.

ಹಳೆಯ ವಿಜ್ಞಾನದ ಹವ್ಯಾಸಿ
ಚರಿತ್ರೆಯ ಒಂದು ಮಾತು ಇಲ್ಲಿ ಸೇರಿಸುತ್ತೇನೆ. ಇಂಗ್ಲೆಂಡಿನ ಜಾನ್ ಮೇಯೋ ಎಂಬಾತ 17ನೆಯ ಶತಮಾನದಲ್ಲಿಯೇ ಶ್ವಾಸಕೋಶ ತಾನಾಗಿ ಹಿಗ್ಗುವುದಿಲ್ಲ, ಎದೆ ಹಿಗ್ಗಿದಾಗ ಗಾಳಿ ಒಳನುಗ್ಗಿ ಅದನ್ನು ಹಿಗ್ಗಿಸುತ್ತದೆ ಎಂದು ಬರೆದಿದ್ದ. ಅದನ್ನು ತೋರಿಸಲು ಅವನು ತಿದಿಯೊಂದರ ಒಳಗೆ ಪ್ರಾಣಿಯ ಮೂತ್ರಚೀಲವನ್ನು ಇಟ್ಟು, ಚೀಲದ ಬಾಯಿಯನ್ನು ಹೊರಗಿನ ಗಾಳಿಗೆ ತೆರೆದಿದ್ದ. ತಿದಿಯನ್ನು ಅಗಲಿಸಿದರೆ ಚೀಲ ಉಬ್ಬುತ್ತಿತ್ತು. ಈ ಹುಡುಗಿಯ ಬಾಟಲಿ ಮಾದರಿಗೆ ಮುನ್ನೂರೈವತ್ತು ವರ್ಷಗಳ ವಂಶಾವಳಿಯಿದೆ. ಅದಕ್ಕೂ ಬಹಳ ಹಿಂದೆ, ಎರಡನೆಯ ಶತಮಾನದಲ್ಲಿ, ಗ್ರೀಕ್ ವೈದ್ಯ ಗ್ಯಾಲೆನ್ ಪ್ರಾಣಿಗಳ ಬೆನ್ನುಹುರಿಯನ್ನು ಬೇರೆಬೇರೆ ಮಟ್ಟದಲ್ಲಿ ಕತ್ತರಿಸಿ ಯಾವಾಗ ಉಸಿರು ನಿಲ್ಲುತ್ತದೆ ಎಂದು ಪರೀಕ್ಷಿಸಿದ್ದ.

ರಾಜಾಜಿನಗರದ ಯೋಗ ಶಿಕ್ಷಕ
ಇಲ್ಲಿಯ ಚರ್ಚೆ ಉಪಯುಕ್ತವಾಗಿದೆ, ಆದರೆ ಎದೆ ಎಂದು ಮಾತ್ರ ಹೇಳುತ್ತಿರುವುದು ನನಗೆ ಒಪ್ಪಿಗೆಯಿಲ್ಲ. ಸರಿಯಾದ ಪೂರಕದಲ್ಲಿ, ಎಂದರೆ ಉಸಿರೆಳೆಯುವಾಗ, ಮೊದಲು ಉಬ್ಬುವುದು ಹೊಟ್ಟೆ. ಬರುವವರೆಲ್ಲರೂ ಮೊದಲ ದಿನ ಎದೆಯನ್ನು ಮಾತ್ರ ಎತ್ತಿ, ಭುಜವನ್ನೂ ಎತ್ತಿ, ಕುತ್ತಿಗೆಯ ಸ್ನಾಯುಗಳನ್ನು ಬಿಗಿ ಮಾಡಿಕೊಂಡು ಉಸಿರೆಳೆಯುತ್ತಾರೆ. ಅಂಗಾತ ಮಲಗಿಸಿ ಹೊಟ್ಟೆಯ ಮೇಲೆ ಅವರದೇ ಕೈ ಇರಿಸಿ ಅಭ್ಯಾಸ ಮಾಡಿಸಿದರೆ ಕೆಲವೇ ನಿಮಿಷಗಳಲ್ಲಿ ಉಸಿರಿನ ವೇಗ ಇಳಿಯುತ್ತದೆ.

ಪ್ರಶ್ನೆ ಬಿಡದವ
ಹೊಟ್ಟೆಯೊಳಗೆ ಗಾಳಿ ಹೋಗುವುದಿಲ್ಲ. ಹಾಗೆ ಹೇಳಿಕೊಡುವುದು ತಪ್ಪು.

ರಾಜಾಜಿನಗರದ ಯೋಗ ಶಿಕ್ಷಕ
ಹೊಟ್ಟೆಯೊಳಗೆ ಗಾಳಿ ಹೋಗುತ್ತದೆ ಎಂದು ನಾನು ಹೇಳಲೇ ಇಲ್ಲ. ದಯವಿಟ್ಟು ಇನ್ನೊಮ್ಮೆ ಓದಿ. ವಪೆ ಕೆಳಗಿಳಿದಾಗ ಯಕೃತ್ತು, ಜಠರ, ಕರುಳುಗಳು ಕೆಳಕ್ಕೂ ಮುಂದಕ್ಕೂ ಸರಿಯಬೇಕಾಗುತ್ತದೆ, ಆದ್ದರಿಂದ ಹೊಟ್ಟೆ ಉಬ್ಬುತ್ತದೆ. ಹೊಟ್ಟೆಯ ಚಲನೆ ವಪೆಯ ಚಲನೆಯ ಗುರುತು. ಬಿಗಿಯಾದ ಬೆಲ್ಟ್ ಕಟ್ಟಿಕೊಂಡು ಕುಳಿತವರಿಗೆ ಹಾಗೂ ತುಂಬು ಗರ್ಭಿಣಿಯರಿಗೆ ವಪೆ ಪೂರ್ತಿ ಇಳಿಯಲು ಜಾಗ ಸಾಲದೆ ಉಸಿರು ಮೇಲುಮೇಲಾಗುವುದು ಇದೇ ಕಾರಣಕ್ಕೆ.

ಇನ್ನೊಂದು ಸಂಗತಿ. ಬೋಧಕಿಯವರು ಹೇಳಿದ ಸಹಜ ಉಸಿರಾಟದಲ್ಲಿ ಎಳೆಯುವುದು ಶ್ರಮ, ಬಿಡುವುದು ವಿಶ್ರಾಂತಿ. ಕಪಾಲಭಾತಿಯಲ್ಲಿ ಇದು ತಿರುಗುಮುರುಗು: ಹೊಟ್ಟೆಯನ್ನು ಝಟ್ಟನೆ ಒಳಗೆಳೆದು ಉಸಿರನ್ನು ಬಲವಂತವಾಗಿ ಹೊರಹಾಕುತ್ತೇವೆ, ಒಳಬರುವ ಉಸಿರು ತಾನಾಗಿ ಬರುತ್ತದೆ. ರಕ್ತದೊತ್ತಡ ಹೆಚ್ಚಿರುವವರು, ಹರ್ನಿಯಾ ಇರುವವರು, ಗರ್ಭಿಣಿಯರು ಇದನ್ನು ಮಾಡಬಾರದೆಂದು ನಾವು ಹೇಳುವುದು ಹೊಟ್ಟೆಯೊಳಗೆ ಏರುವ ಆ ಒತ್ತಡದ ಕಾರಣಕ್ಕಾಗಿಯೇ.

ಕೊಳಲು ವಿದ್ಯಾರ್ಥಿನಿ
ಬಿಡುವುದು ವಿಶ್ರಾಂತಿ ಎಂಬ ಮಾತು ಕೊಳಲಿಗೆ ಹೊಂದುವುದಿಲ್ಲ. ಒಂದು ದೀರ್ಘ ಸ್ವರವನ್ನು ಅಲುಗದಂತೆ ಹಿಡಿಯುವಾಗ ನನಗೆ ಪಕ್ಕೆಗಳಲ್ಲಿ ಎಳೆಯುವ ಶ್ರಮವೇ ಮುಂದುವರಿದಂತೆ ಭಾಸವಾಗುತ್ತದೆ, ತಳ್ಳುವ ಶ್ರಮವಲ್ಲ. ಇದು ಭ್ರಮೆಯೇ?

ಶರೀರಕ್ರಿಯೆ ಬೋಧಕಿ
ಭ್ರಮೆಯಲ್ಲ, ನಿಮ್ಮ ಗಮನಿಕೆ ಬಹಳ ಸೂಕ್ಷ್ಮವಾಗಿದೆ. ಶ್ವಾಸಕೋಶ ಪೂರ್ತಿ ತುಂಬಿರುವಾಗ ಅದು ಕುಗ್ಗುವ ಬಲ ನಿಮಗೆ ಬೇಕಾದುದಕ್ಕಿಂತ ಹೆಚ್ಚಿರುತ್ತದೆ. ಸುಮ್ಮನೆ ಬಿಟ್ಟರೆ ಗಾಳಿಯೆಲ್ಲ ಒಮ್ಮೆಗೇ ಹೊರಬಂದು ಸ್ವರ ಒಡೆಯುತ್ತದೆ. ಆದ್ದರಿಂದ ಉಸಿರೆಳೆಯುವ ಸ್ನಾಯುಗಳೇ ಮೊದಲರ್ಧದಲ್ಲಿ ತಡೆಹಿಡಿಯುವ ಕೆಲಸ ಮಾಡುತ್ತವೆ. ಗಾಳಿ ಕಡಿಮೆಯಾಗುತ್ತಾ ಬಂದಂತೆ ಆ ತಡೆ ಸಡಿಲವಾಗಿ, ಕೊನೆಯಲ್ಲಿ ಹೊಟ್ಟೆಯ ಸ್ನಾಯುಗಳು ತಳ್ಳತೊಡಗುತ್ತವೆ. ಹಾಡುವವರಿಗೂ ದೀರ್ಘವಾಗಿ ಮಾತನಾಡುವವರಿಗೂ ಇದೇ ಅನ್ವಯಿಸುತ್ತದೆ. ಎಷ್ಟೇ ಒತ್ತಿ ಹೊರಹಾಕಿದರೂ ವಯಸ್ಕರ ಶ್ವಾಸಕೋಶದಲ್ಲಿ ಸುಮಾರು 1200 ಮಿಲಿಲೀಟರ್ ಗಾಳಿ ಉಳಿದೇ ಉಳಿಯುತ್ತದೆ.

ಕೋಲಾರ ಮೂಲದವ, ಈಗ ವೈಟ್‌ಫೀಲ್ಡ್
ಚಿಕ್ಕಂದಿನಲ್ಲಿ ನಮ್ಮೂರಿನ ಬಾವಿಯಲ್ಲಿ ಈಜು ಕಲಿಯುವಾಗ ಹುಡುಗರ ನಡುವೆ ಒಂದು ವಾದ ನಡೆಯುತ್ತಿತ್ತು. ದುರ್ಯೋಧನ ಸರೋವರದಲ್ಲಿ ಅಡಗಿಕೊಂಡ ಕಥೆ ಕೇಳಿದ್ದೆವು. ಅವನಿಗೆ ಜಲಸ್ತಂಭನ ವಿದ್ಯೆ ಗೊತ್ತಿತ್ತು, ನಮಗೆ ಗೊತ್ತಿಲ್ಲವಾದ್ದರಿಂದ ಉದ್ದನೆಯ ಪೈಪೊಂದನ್ನು ಬಾಯಲ್ಲಿಟ್ಟುಕೊಂಡು ಬಾವಿಯ ತಳದಲ್ಲಿ ಕುಳಿತರೆ ಎಷ್ಟು ಹೊತ್ತು ಬೇಕಾದರೂ ಇರಬಹುದು ಎಂದು ದೊಡ್ಡ ಹುಡುಗರು ಹೇಳುತ್ತಿದ್ದರು. ಪೈಪಿನ ಮೇಲ್ತುದಿ ಹೊರಗಿನ ಗಾಳಿಯಲ್ಲೇ ಇರುತ್ತದಲ್ಲ, ಆಗದಿರಲು ಕಾರಣವೇನು?

ಮಲ್ಲೇಶ್ವರದ ಭೌತಶಾಸ್ತ್ರ ಶಿಕ್ಷಕ
ಯಾವ ಮಗುವೂ ಇದನ್ನು ಪರೀಕ್ಷಿಸಲು ಹೋಗಬಾರದು, ಪ್ರಾಣಕ್ಕೆ ಅಪಾಯ. ಈ ಚರ್ಚೆಯಲ್ಲಿ ಹೇಳಿದ ಎಲ್ಲವೂ ಈ ಒಂದು ಪ್ರಶ್ನೆಯಲ್ಲಿ ಅಡಗಿರುವುದರಿಂದ ಕಾರಣವನ್ನು ಬಿಡಿಸಿ ಹೇಳುತ್ತೇನೆ.

ಎದೆಯ ಮೇಲೆ ಒಂದು ಮೀಟರ್ ನೀರು ಇದೆ ಎನ್ನಿ. ಹೊರಗಿನಿಂದ ಎದೆಗೂಡನ್ನು ಒತ್ತುತ್ತಿರುವುದು ವಾಯುಒತ್ತಡ ಮತ್ತು ಅದರ ಮೇಲೆ 100 ಸೆಂಟಿಮೀಟರ್ ನೀರಿನ ಒತ್ತಡ. ಪೈಪಿನ ಮೂಲಕ ಶ್ವಾಸಕೋಶದ ಒಳಗೆ ಇರುವುದು ಬರಿಯ ವಾಯುಒತ್ತಡ. ಎದೆಯನ್ನು ಹಿಗ್ಗಿಸಬೇಕಾದರೆ ಸ್ನಾಯುಗಳು ಆ 100 ಸೆಂಟಿಮೀಟರನ್ನು ಎತ್ತಬೇಕು. ಬೋಧಕಿಯವರು ಹೇಳಿದಂತೆ ಸಾಮಾನ್ಯ ಉಸಿರಿನಲ್ಲಿ ಪ್ಲೂರಾದ ಒತ್ತಡ ಬದಲಾಗುವುದು ಎರಡು ಮೂರು ಸೆಂಟಿಮೀಟರಿನಷ್ಟು. ಆರೋಗ್ಯವಂತ ವಯಸ್ಕ ತನ್ನ ಸರ್ವಶಕ್ತಿಯನ್ನೂ ಹಾಕಿ ಒಂದು ಕ್ಷಣಕ್ಕೆ ಉಂಟುಮಾಡಬಲ್ಲ ಸೆಳೆತವೇ ಸುಮಾರು 100 ಸೆಂಟಿಮೀಟರ್. ಎಂದರೆ ಒಂದು ಮೀಟರ್ ಆಳದಲ್ಲಿ ಒಂದು ಉಸಿರು ಸಹ ಸರಿಯಾಗಿ ಬರಲಾರದು. ಬಾವಿಯ ತಳದ ಮಾತು ದೂರ. ಮುಳುಗುಗಾರರ ಸಿಲಿಂಡರು ಗಾಳಿಯನ್ನು ಸುತ್ತಲಿನ ನೀರಿನ ಒತ್ತಡಕ್ಕೆ ಸಮನಾಗಿ ಒದಗಿಸುವುದರಿಂದ ಅವರಿಗೆ ಈ ತೊಂದರೆ ಇಲ್ಲ.

ಎರಡನೆಯ ತೊಡಕು ಪೈಪಿನದು. ಒಂದು ಮೀಟರ್ ಉದ್ದ, ಒಳಗಿನ ಅಗಲ ಎರಡು ಸೆಂಟಿಮೀಟರ್ ಇರುವ ಪೈಪಿನಲ್ಲಿ ಸುಮಾರು 314 ಮಿಲಿಲೀಟರ್ ಗಾಳಿ ನಿಲ್ಲುತ್ತದೆ. ನಮ್ಮ ಮೂಗು, ಗಂಟಲು, ಶ್ವಾಸನಾಳಗಳಲ್ಲಿ ಈಗಾಗಲೇ 150 ಮಿಲಿಲೀಟರ್ ಕೆಲಸಕ್ಕೆ ಬಾರದ ಜಾಗವಿದೆ. ಎರಡನ್ನೂ ಕೂಡಿಸಿದರೆ 464. ಒಂದು ಉಸಿರಿನ 500ರಲ್ಲಿ 464 ನಾವೇ ಬಿಟ್ಟ ಹಳೆಯ ಗಾಳಿ, ಹೊಸದು 36 ಮಾತ್ರ.

ಪ್ರಶ್ನೆ ಬಿಡದವ
ಪೈಪನ್ನು ಸಣ್ಣದು ಮಾಡಿದರೆ ಆ ಹಳೆಯ ಗಾಳಿಯ ಸಮಸ್ಯೆ ತೀರುತ್ತದೆ.

ಮಲ್ಲೇಶ್ವರದ ಭೌತಶಾಸ್ತ್ರ ಶಿಕ್ಷಕ
ತೀರುತ್ತದೆ, ಆದರೆ ಅದಕ್ಕಿಂತ ದೊಡ್ಡದು ಹುಟ್ಟಿಕೊಳ್ಳುತ್ತದೆ. ಗಾಳಿ ಶಾಂತವಾಗಿ ಹರಿಯುವ ಕೊಳವೆಯ ಅಗಲವನ್ನು ಅರ್ಧ ಮಾಡಿದರೆ ಹರಿವಿಗೆ ಇರುವ ತಡೆ ಹದಿನಾರು ಪಟ್ಟು ಹೆಚ್ಚುತ್ತದೆ.

ಆಸ್ತಮಾ ಇರುವ ಓದುಗಿ, ವಿಜಯನಗರ
ಹದಿನಾರು ಪಟ್ಟು ಎಂಬುದನ್ನು ಓದಿ ನನ್ನ ಕಾಯಿಲೆಯ ಬಗ್ಗೆ ಒಂದು ಪ್ರಶ್ನೆ ಕೇಳಬೇಕೆನಿಸಿತು. ಬೆಂಗಳೂರಿನ ಚಳಿಗಾಲದ ಬೆಳಗಿನಲ್ಲಿ ಹಾಗೂ ರಸ್ತೆ ಅಗೆದ ಧೂಳಿನಲ್ಲಿ ನನಗೆ ದಮ್ಮು ಬಂದಾಗ ಎಲ್ಲರೂ ‘ಉಸಿರು ಎಳೆದುಕೋ, ಎಳೆದುಕೋ’ ಎನ್ನುತ್ತಾರೆ. ಆದರೆ ನನಗೆ ಕಷ್ಟವಾಗುವುದು ಬಿಡುವುದಕ್ಕೆ. ಸೀಟಿಯ ಶಬ್ದವೂ ಬಿಡುವಾಗಲೇ ಹೆಚ್ಚು. ಬಿಡುವ ಉಸಿರು ತಾನಾಗಿ ಹೋಗುವುದಾದರೆ ನನಗೆ ಅಲ್ಲೇ ಏಕೆ ತೊಡಕು?

ಶರೀರಕ್ರಿಯೆ ಬೋಧಕಿ
ಉಸಿರೆಳೆಯುವಾಗ ಶ್ವಾಸಕೋಶ ಹಿಗ್ಗುವುದರ ಜೊತೆಗೆ ಅದರೊಳಗಿನ ಸಣ್ಣ ನಾಳಗಳನ್ನೂ ಸುತ್ತಲಿನ ಅಂಗಾಂಶ ಎಲ್ಲ ದಿಕ್ಕಿನಿಂದಲೂ ಎಳೆದು ಅಗಲ ಮಾಡುತ್ತದೆ. ಬಿಡುವಾಗ ಆ ಎಳೆತ ಕಡಿಮೆಯಾಗಿ ನಾಳಗಳು ಕಿರಿದಾಗುತ್ತವೆ. ಆರೋಗ್ಯವಂತರಲ್ಲಿ ಇದು ತಿಳಿಯುವುದೇ ಇಲ್ಲ. ಆಸ್ತಮಾದಲ್ಲಿ ನಾಳದ ಗೋಡೆ ಊದಿಕೊಂಡು, ಅದರ ಸ್ನಾಯು ಬಿಗಿದು, ಕಫ ಕಟ್ಟಿಕೊಂಡು ದಾರಿ ಮೊದಲೇ ಇಕ್ಕಟ್ಟಾಗಿರುತ್ತದೆ. ಬಿಡುವಾಗ ಇನ್ನೂ ಇಕ್ಕಟ್ಟಾಗುತ್ತದೆ. ಪೂರ್ತಿ ಹೊರಬರುವ ಮೊದಲೇ ಮುಂದಿನ ಉಸಿರನ್ನು ಎಳೆಯಬೇಕಾಗುವುದರಿಂದ ಗಾಳಿ ಒಳಗೇ ಸಿಕ್ಕಿಕೊಳ್ಳುತ್ತದೆ. ಎದೆ ಉಬ್ಬಿಕೊಂಡೇ ಇರುತ್ತದೆ, ವಪೆ ಮೊದಲೇ ಚಪ್ಪಟೆಯಾಗಿರುತ್ತದೆ, ಇನ್ನು ಇಳಿಯಲು ಅದಕ್ಕೆ ಜಾಗವಿರುವುದಿಲ್ಲ. ಆದ್ದರಿಂದ ಆಮೇಲೆ ಎಳೆಯುವುದೂ ಕಷ್ಟವಾಗುತ್ತದೆ.

ಇನ್‌ಹೇಲರಿನಲ್ಲಿರುವ ತಕ್ಷಣದ ಔಷಧಿ ಆ ನಾಳಗಳ ಸ್ನಾಯುವನ್ನು ಸಡಿಲಿಸುತ್ತದೆ. ನಿಮ್ಮ ವೈದ್ಯರು ಹೇಳಿದಂತೆ ಅದನ್ನು ಕೈಗೆಟುಕುವಲ್ಲಿ ಇಟ್ಟುಕೊಳ್ಳಿ. ಅದನ್ನು ಬಳಸಿದ ಮೇಲೂ ಮಾತನಾಡಲು ಕಷ್ಟವಾಗುವಷ್ಟು ಉಸಿರು ಕಟ್ಟಿದರೆ ಆಸ್ಪತ್ರೆಗೆ ಹೋಗಲು ತಡ ಮಾಡಬೇಡಿ. ಪಕ್ಕದಲ್ಲಿರುವವರು ‘ಎಳೆದುಕೋ’ ಎಂದು ಅವಸರಪಡಿಸುವುದರ ಬದಲು ನೆಟ್ಟಗೆ ಕೂರಿಸಿ ನಿಧಾನವಾಗಿ ಬಿಡಲು ಹೇಳುವುದು ಹೆಚ್ಚು ಸಹಾಯಕ.

ನವಜಾತ ಶಿಶು ಘಟಕದ ದಾದಿ
ಶ್ವಾಸಕೋಶಕ್ಕೆ ಕುಗ್ಗುವ ಗುಣವಿದೆ ಎಂದು ಬೋಧಕಿಯವರು ಹೇಳಿದ್ದಾರೆ. ಆ ಗುಣ ಮಿತಿಮೀರಿದರೆ ಏನಾಗುತ್ತದೆ ಎಂಬುದನ್ನು ನಾವು ಪ್ರತಿನಿತ್ಯ ನೋಡುತ್ತೇವೆ. ಗಾಳಿಗೂಡುಗಳ ಒಳಮೈ ಒದ್ದೆಯಾಗಿರುತ್ತದೆ, ಆ ತೇವದ ಮೇಲ್ಮೈ ಸೆಳೆತ ಗೂಡುಗಳನ್ನು ಮುಚ್ಚಿಬಿಡಲು ನೋಡುತ್ತದೆ. ಅದನ್ನು ತಗ್ಗಿಸಲು ಶ್ವಾಸಕೋಶವೇ ಸರ್ಫ್ಯಾಕ್ಟಂಟ್ ಎಂಬ ಜಿಡ್ಡಿನ ಪದಾರ್ಥವನ್ನು ಸ್ರವಿಸುತ್ತದೆ. ಗರ್ಭದಲ್ಲಿ ಇದು ಸಾಕಷ್ಟು ಸಿದ್ಧವಾಗುವುದು ಸುಮಾರು 35ನೆಯ ವಾರದ ಹೊತ್ತಿಗೆ. ಅದಕ್ಕಿಂತ ಬಹಳ ಮೊದಲೇ ಹುಟ್ಟಿದ ಕೂಸು ಪ್ರತಿಯೊಂದು ಉಸಿರಿನಲ್ಲಿಯೂ ಮುಚ್ಚಿಕೊಂಡ ಗೂಡುಗಳನ್ನು ಹೊಸದಾಗಿ ತೆರೆಯಬೇಕಾಗುತ್ತದೆ. ಉಸಿರೆಳೆಯುವಾಗ ಅದರ ಪಕ್ಕೆಲುಬುಗಳ ನಡುವಿನ ಚರ್ಮ ಒಳಕ್ಕೆ ಹೋಗುತ್ತದೆ, ಬಿಡುವಾಗ ನರಳಿದ ಸದ್ದು ಬರುತ್ತದೆ. ಆ ಸದ್ದು ಗಂಟಲನ್ನು ಅರೆ ಮುಚ್ಚಿಕೊಂಡು ಗಾಳಿಯನ್ನು ಒಳಗೇ ಉಳಿಸಿಕೊಳ್ಳಲು ಕೂಸು ಮಾಡುವ ಪ್ರಯತ್ನ.

ಈ ಕೊರತೆಯೇ ಕಾರಣವೆಂದು ಮೇರಿ ಎಲೆನ್ ಏವರಿ ಮತ್ತು ಜೆರೆ ಮೀಡ್ 1959ರಲ್ಲಿ ತೋರಿಸಿದರು. 1980ರಲ್ಲಿ ಜಪಾನಿನ ಫುಜಿವಾರ ಮತ್ತು ಅವರ ಸಂಗಡಿಗರು ಸರ್ಫ್ಯಾಕ್ಟಂಟನ್ನು ನೇರವಾಗಿ ಶಿಶುಗಳ ಶ್ವಾಸನಾಳಕ್ಕೆ ಹಾಕಿ ಫಲ ಕಂಡರು. ಇಂದು ಅದೇ ಔಷಧಿಯನ್ನು ಕೊಟ್ಟ ಕೆಲವೇ ಹೊತ್ತಿನಲ್ಲಿ ಕೂಸಿನ ಎದೆ ಹಗುರವಾಗಿ ಏಳತೊಡಗುವುದನ್ನು ನೋಡುವಾಗ, ಈ ಕೆಲಸದಲ್ಲಿ ಎಷ್ಟು ಕಾಲ ಕಳೆದಿದ್ದರೂ, ನನಗೆ ಸಂತೋಷ ತಡೆಯುವುದಿಲ್ಲ.

ಪ್ರಶ್ನೆ ಬಿಡದವ
ಒಂದು ಆಕ್ಷೇಪ ಉಳಿದಿದೆ. ಕೋವಿಡ್ ಕಾಲದಲ್ಲಿ ನಾವೆಲ್ಲರೂ ಕೇಳಿದ ವೆಂಟಿಲೇಟರ್ ಗಾಳಿಯನ್ನು ಒಳಗೆ ತಳ್ಳುತ್ತದೆ. ಅಲ್ಲಿ ಗಾಳಿ ಮೊದಲು, ಎದೆ ಆಮೇಲೆ. ಆ ಫಲಕದ ವಾಕ್ಯ ವೆಂಟಿಲೇಟರಿನ ಮಟ್ಟಿಗಾದರೂ ನಿಜವಲ್ಲವೇ?

ನವಜಾತ ಶಿಶು ಘಟಕದ ದಾದಿ
ವೆಂಟಿಲೇಟರಿನ ಮಟ್ಟಿಗೆ ನಿಜ, ಮತ್ತು ಅದರ ಎಚ್ಚರಿಕೆಯೂ ಅಲ್ಲಿಯೇ ಇದೆ: ತಳ್ಳುವ ಒತ್ತಡ ಹೆಚ್ಚಾದರೆ ಶ್ವಾಸಕೋಶಕ್ಕೆ ಗಾಯವಾಗುತ್ತದೆ.

ಹಳೆಯ ವಿಜ್ಞಾನದ ಹವ್ಯಾಸಿ
ಆದರೆ ಯಂತ್ರಗಳೂ ಮೊದಲು ದೇಹದ ದಾರಿಯನ್ನೇ ಹಿಡಿದಿದ್ದವು. 1928ರಲ್ಲಿ ಬೋಸ್ಟನ್ನಿನಲ್ಲಿ ಡ್ರಿಂಕರ್ ಮತ್ತು ಶಾ ರೂಪಿಸಿದ ಕಬ್ಬಿಣದ ಶ್ವಾಸಕೋಶವೆಂಬ ಪೆಟ್ಟಿಗೆಯಲ್ಲಿ ಪೋಲಿಯೋ ರೋಗಿಯ ತಲೆ ಮಾತ್ರ ಹೊರಗಿರುತ್ತಿತ್ತು. ಪೆಟ್ಟಿಗೆಯೊಳಗಿನ ಒತ್ತಡವನ್ನು ತಗ್ಗಿಸಿದಾಗ ಎದೆ ಹಿಗ್ಗಿ ಗಾಳಿ ಮೂಗಿನಿಂದ ಒಳಗೆ ಬರುತ್ತಿತ್ತು. 1952ರ ಕೋಪನ್‌ಹೇಗನ್ ಪೋಲಿಯೋ ಸಾಂಕ್ರಾಮಿಕದಲ್ಲಿ ಅಂತಹ ಯಂತ್ರಗಳು ಸಾಲದೆ ಹೋದಾಗ ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ವೈದ್ಯ ಗಂಟಲಿಗೆ ಕೊಳವೆ ಹಾಕಿ, ರಬ್ಬರ್ ಚೀಲವನ್ನು ಕೈಯಿಂದ ಹಿಸುಕಿ ಗಾಳಿ ತಳ್ಳುವ ವಿಧಾನವನ್ನು ಬಳಕೆಗೆ ತಂದ. ವೈದ್ಯಕೀಯ ವಿದ್ಯಾರ್ಥಿಗಳು ಪಾಳಿಯ ಮೇಲೆ ಕುಳಿತು ಹಗಲು ರಾತ್ರಿ ಚೀಲ ಹಿಸುಕಿದರು, ಸಾವಿನ ಪ್ರಮಾಣ ಬಹಳ ಇಳಿಯಿತು. ಇಂದಿನ ತೀವ್ರ ನಿಗಾ ಘಟಕಗಳ ಹುಟ್ಟು ಅಲ್ಲಿಂದಲೇ.

ಜೀವಶಾಸ್ತ್ರ ವಿದ್ಯಾರ್ಥಿ
ಗಾಳಿಯನ್ನು ತಳ್ಳಿಕೊಂಡು ಉಸಿರಾಡುವ ಪ್ರಾಣಿಯೂ ಇದೆ. ಕಪ್ಪೆಗೆ ಪಕ್ಕೆಲುಬಿನ ಗೂಡಾಗಲಿ ವಪೆಯಾಗಲಿ ಇಲ್ಲ. ಅದು ಗಂಟಲಿನ ತಳವನ್ನು ಇಳಿಸಿ ಬಾಯಿಗೆ ಗಾಳಿ ತುಂಬಿಕೊಂಡು, ಮೂಗಿನ ಹೊಳ್ಳೆಗಳನ್ನು ಮುಚ್ಚಿ, ತಳವನ್ನು ಎತ್ತಿ ಗಾಳಿಯನ್ನು ಶ್ವಾಸಕೋಶಕ್ಕೆ ಒತ್ತುತ್ತದೆ. ಮಳೆಗಾಲದಲ್ಲಿ ಕೆರೆಯಂಚಿನಲ್ಲಿ ಕುಳಿತ ಕಪ್ಪೆಯ ಗಂಟಲು ಸದಾ ಮಿಡಿಯುತ್ತಿರುವುದನ್ನು ಯಾರು ಬೇಕಾದರೂ ನೋಡಬಹುದು.

ಯಲಹಂಕ ಸೈಕಲ್ ಸವಾರ
ಪೋಲಿಯೋದಲ್ಲಿ ಶ್ವಾಸಕೋಶಕ್ಕೆ ರೋಗವಿಲ್ಲದಿದ್ದರೂ ಉಸಿರು ನಿಲ್ಲುತ್ತಿತ್ತೇ?

ಶರೀರಕ್ರಿಯೆ ಬೋಧಕಿ
ಹೌದು, ಹಲವರಲ್ಲಿ ಶ್ವಾಸಕೋಶ ಚೆನ್ನಾಗಿಯೇ ಇರುತ್ತಿತ್ತು. ನಿಂತುಹೋಗುತ್ತಿದ್ದದ್ದು ಸ್ನಾಯುಗಳಿಗೆ ಹೋಗುವ ಆಜ್ಞೆ. ವಪೆಗೆ ತನ್ನಷ್ಟಕ್ಕೆ ತಾನೇ ಬಡಿಯುವ ಹೃದಯದ ಶಕ್ತಿ ಇಲ್ಲ. ಮೆದುಳಿನ ಕಾಂಡದಲ್ಲಿರುವ ಕೇಂದ್ರದಿಂದ ಪ್ರತಿಯೊಂದು ಉಸಿರಿಗೂ ಸಂಕೇತ ಬರಬೇಕು. ವಪೆಯ ನರ ಹೊರಡುವುದು ಎದೆಯಿಂದಲ್ಲ, ಕುತ್ತಿಗೆಯ 3, 4, 5ನೆಯ ಬೆನ್ನುಹುರಿ ಮಟ್ಟಗಳಿಂದ. ಕುತ್ತಿಗೆಯ ಕೆಳಭಾಗದಲ್ಲಿ ಬೆನ್ನುಹುರಿಗೆ ಪೆಟ್ಟಾದವರು ಕೈಕಾಲಿನ ಬಲ ಕಳೆದುಕೊಂಡರೂ ತಾವಾಗಿ ಉಸಿರಾಡಬಲ್ಲರು. ಪೆಟ್ಟು ಮೂರನೆಯ ಮಟ್ಟಕ್ಕಿಂತ ಮೇಲಿದ್ದರೆ ಯಂತ್ರದ ನೆರವಿಲ್ಲದೆ ಉಳಿಯಲಾರರು. ಅಪಘಾತದಲ್ಲಿ ಬಿದ್ದವರ ಕುತ್ತಿಗೆಯನ್ನು ತಿರುಗಿಸದೆ, ಅಲುಗಿಸದೆ, ಆಂಬುಲೆನ್ಸ್ ಬರುವವರೆಗೆ ಇದ್ದಂತೆಯೇ ಹಿಡಿದಿರಬೇಕು ಎಂದು ಹೇಳುವುದು ಈ ನರಕ್ಕಾಗಿಯೂ ಹೌದು.